ನಡುಗಿದ್ದು ಅಪ್ಪನ ಕೈಯಲ್ಲ

ಕಳೆದ ವರ್ಷ ಏಪ್ರಿಲ್ ತಿಂಗಳ ಒಂದು ಶುಕ್ರವಾರ ಬೆಳಿಗ್ಗೆ, ನಾವು ಗಲ್ಫಿನವರು ರಜೆಯ ದಿನದ ದೋಸೆ ಹುಯ್ಯುವ ಹೊತ್ತಿಗೆ, ಕ್ಯಾಲಿಫೋರ್ನಿಯಾದ ಸನ್ನಿವೇಲ್‌ನಿಂದ ತಮ್ಮನ ಫೋನ್ ಬಂತು. ಅಲ್ಲಿ ಇನ್ನೂ ಗುರುವಾರ ರಾತ್ರಿ. "ಅಪ್ಪನ ಕೈ ನಡುಗ್ತಾ ಇದೆ ಅನ್ನಿಸ್ತದೆ. ಕಂಪ್ಯೂಟರಿನಲ್ಲಿ ಬಾಣ ಒಂದು ಕಡೆ ನಿಲ್ಲೋದಿಲ್ಲ. ಪಾರ್ಕಿನ್ಸನ್ ಏನಾದ್ರೂ ಶುರುವಾಯ್ತಾ?" ಎಂದ.

ಅಪ್ಪನಿಗೆ 78 ವರ್ಷ. ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡಿ ನಿವೃತ್ತರಾದವರು. ಅಮ್ಮ ತೀರಿಕೊಂಡ ಮೇಲೆ ಒಬ್ಬರೇ ಇರುವುದು ಬೇಡವೆಂದು ತಮ್ಮ ಅವರನ್ನು ಆರು ತಿಂಗಳ ಮಟ್ಟಿಗೆ ಕರೆಸಿಕೊಂಡಿದ್ದ. ಹೊತ್ತು ಹೋಗಲೆಂದು ದೊಡ್ಡ ಪರದೆ, ಕನ್ನಡ ಕೀಲಿಮಣೆ, ತಂತಿಯಿಲ್ಲದ ಟ್ರ್ಯಾಕ್‌ಪ್ಯಾಡ್ ಎಲ್ಲವನ್ನೂ ಜೋಡಿಸಿಕೊಟ್ಟಿದ್ದ. ಅಪ್ಪ ಅಮ್ಮನ ಬಗ್ಗೆ ಬರೆಯಲು ಕೂತಿದ್ದರು. ಮದುವೆಯ ದಿಬ್ಬಣ ಮಳೆಗೆ ಸಿಕ್ಕಿಕೊಂಡ ಕಥೆಯಿಂದ ಶುರುಮಾಡಿ ಒಂಬತ್ತು ಪುಟ ಆಗಿತ್ತು. ಹತ್ತನೆಯ ಪುಟಕ್ಕೆ ಬರವಣಿಗೆ ನಿಂತುಹೋಯಿತು.

ಡಿ.ಫಾರ್ಮ ಮುಗಿಸಿ ಗಲ್ಫಿಗೆ ಬಂದು ಆಸ್ಪತ್ರೆಯ ಫಾರ್ಮಸಿಯಲ್ಲಿ ಇಷ್ಟು ವರ್ಷ ಕಳೆದ ನಮಗೆ ಒಂದು ಚಟವಿದೆ. ಯಾರು ಏನು ಕಾಯಿಲೆ ಹೇಳಿದರೂ "ಯಾವ ಔಷಧಿ ತಗೊಳ್ತಿದ್ದಾರೆ?" ಎಂಬುದೇ ಮೊದಲ ಪ್ರಶ್ನೆ. ಅಪ್ಪನಿಗೆ ಉಬ್ಬಸ ಇದೆ, ಸಾಲ್ಬುಟಮಾಲ್ ಇನ್ಹೇಲರ್ ಇದೆ. ಸಾಲ್ಬುಟಮಾಲ್ ಕೈ ನಡುಕ ತರಬಲ್ಲದು, ಅದು ಪುಸ್ತಕದಲ್ಲಿರುವ ಮಾತು. ಹಾಗೆಂದು ಹೇಳಿದೆವು. ವೈದ್ಯರಿಗೆ ತೋರಿಸಿ ಎಂದೂ ಹೇಳಿದೆವು. ಆದರೆ ಫೋನು ಸ್ಪೀಕರಿನಲ್ಲಿತ್ತು, ಅಪ್ಪ ಪಕ್ಕದಲ್ಲೇ ಇದ್ದರು ಎಂಬುದು ನಮಗೆ ಗೊತ್ತಿರಲಿಲ್ಲ.

ಜುಲೈನಲ್ಲಿ ಮಕ್ಕಳ ಬೇಸಿಗೆ ರಜೆಗೆ ನಾವೇ ಸನ್ನಿವೇಲ್‌ಗೆ ಹೋದೆವು. ಮೊದಲ ದಿನ ಸಂಜೆ ಪಾರ್ಕಿಗೆ ನಡೆದುಹೋಗುವಾಗ ಅಪ್ಪ ಮೂರು ಸಲ ನಿಂತರು. ಏದುಸಿರು. ಇನ್ಹೇಲರ್ ಎಲ್ಲಿ ಅಂದರೆ ಮನೆಯಲ್ಲಿದೆ ಅಂದರು. ಕೆದಕಿ ಕೇಳಿದಾಗ ವಿಷಯ ಹೊರಬಿತ್ತು: "ಕೈ ನಡುಗ್ತದೆ ಅಂತ ನೀವೇ ಹೇಳಿದ್ರಲ್ಲ, ಅದಕ್ಕೇ ಕಮ್ಮಿ ಮಾಡಿದ್ದೆ." ವೈದ್ಯರ ಹತ್ತಿರವೂ ಹೋಗಿರಲಿಲ್ಲ, ವಿಮೆ, ಖರ್ಚು ಎಂದು ತಮ್ಮನನ್ನು ತಡೆದಿದ್ದರು. ಕೌಂಟರಿನಲ್ಲಿ ದಿನಕ್ಕೆ ಹತ್ತಾರು ಜನರಿಗೆ "ನೀವಾಗಿಯೇ ಔಷಧಿ ನಿಲ್ಲಿಸಬೇಡಿ" ಎಂದು ಹೇಳುವ ನಮ್ಮ ಮುಖ ಹೇಗಾಗಿರಬೇಡ! ಅವತ್ತು ರಾತ್ರಿ ನಿದ್ದೆ ಬಾರದ್ದಕ್ಕೆ ಬರೀ ವಿಮಾನಪ್ರಯಾಣ ಕಾರಣವಾಗಿರಲಿಲ್ಲ.

ಮರುದಿನ ಬೆಳಿಗ್ಗೆ ಅಪ್ಪ ಕಾಫಿ ಲೋಟವನ್ನು ಅಂಚಿನವರೆಗೆ ತುಂಬಿಸಿಕೊಂಡು ಹಜಾರಕ್ಕೆ ಬಂದರು. ಒಂದು ಹನಿ ಚೆಲ್ಲಲಿಲ್ಲ. ಫ್ರಿಜ್ಜಿನ ಮೇಲೆ ಅವರೇ ಬರೆದ ಸಾಮಾನಿನ ಪಟ್ಟಿ ಇತ್ತು: ತೊಗರಿಬೇಳೆ, ಹುಣಸೆಹಣ್ಣು, ಕೊಬ್ಬರಿ ಎಣ್ಣೆ. ಅದೇ ದುಂಡನೆಯ ಮೇಷ್ಟರ ಅಕ್ಷರ. ಪಾರ್ಕಿನ್ಸನ್ ಇದ್ದವರ ಬರಹ ಬರಬರುತ್ತಾ ಚಿಕ್ಕದಾಗುವುದುಂಟು, ನಡುಕವೂ ಸಾಮಾನ್ಯವಾಗಿ ಕೈ ಸುಮ್ಮನಿದ್ದಾಗಲೇ ಹೆಚ್ಚು. ಇಲ್ಲಿ ಎರಡೂ ಕಾಣಲಿಲ್ಲ. ರೋಗನಿರ್ಣಯ ನಮ್ಮ ಕೆಲಸವಲ್ಲ, ಅದಕ್ಕೆ ವೈದ್ಯರಿದ್ದಾರೆ. ಅದೇ ವಾರ ಸಮಯ ಗೊತ್ತುಮಾಡಿದೆವು. ಆದರೆ ಒಂದು ಸಂಶಯ ಬಂತು. ತಮ್ಮನ ಹನ್ನೊಂದು ವರ್ಷದ ಮಗಳನ್ನು ಕರೆದು ಅಜ್ಜನ ಕುರ್ಚಿಯಲ್ಲಿ ಕೂರಿಸಿ ಬಾಣ ಓಡಿಸು ಅಂದೆವು. ಬಾಣ ಒಂದು ಕ್ಷಣ ಹೂತುಕೊಂಡು ನಿಂತಿತು, ಮರುಕ್ಷಣ ಪರದೆಯ ಮೂಲೆಗೆ ಹಾರಿತು. ಹನ್ನೊಂದು ವರ್ಷದ ಹುಡುಗಿಗೆ ಪಾರ್ಕಿನ್ಸನ್ನೇ? ಸಾಲ್ಬುಟಮಾಲೇ? ಎಲ್ಲರೂ ಅಪ್ಪನ ಕೈ ನೋಡಿದ್ದೆವು, ಆ ಹಲಗೆಯನ್ನು ಯಾರೂ ನೋಡಿರಲಿಲ್ಲ. ಕಂಪ್ಯೂಟರ್ ಇಂಜಿನಿಯರನ ಮನೆಯಲ್ಲಿ! (ತಮ್ಮ ಸಾಫ್ಟ್‌ವೇರಿನವನು, ಹಾರ್ಡ್‌ವೇರ್ ತನ್ನದಲ್ಲ ಅನ್ನುತ್ತಾನೆ.)

ಔಷಧಿಯಿಂದ ತೊಂದರೆ ಆಗಿದೆಯೇ ಎಂದು ತಿಳಿಯಲು ನಮ್ಮಲ್ಲಿ ಒಂದು ಕ್ರಮವಿದೆ. ಅನುಮಾನದ ಔಷಧಿಯನ್ನು ವೈದ್ಯರು ನಿಲ್ಲಿಸಿ ನೋಡುತ್ತಾರೆ, ತೊಂದರೆ ಹೋಯಿತೇ? ಅಪಾಯವಿಲ್ಲದಿದ್ದರೆ ಮತ್ತೆ ಕೊಟ್ಟು ನೋಡುತ್ತಾರೆ, ತೊಂದರೆ ಮರಳಿತೇ? ಒಂದು ಸಲಕ್ಕೆ ಒಂದೇ ಬದಲಾವಣೆ. ಎರಡು ಔಷಧಿ ಒಟ್ಟಿಗೆ ನಿಲ್ಲಿಸಿದರೆ ಕಳ್ಳ ಯಾರೆಂದು ಗೊತ್ತಾಗುವುದಿಲ್ಲ. ಅದನ್ನೇ ಟ್ರ್ಯಾಕ್‌ಪ್ಯಾಡಿಗೂ ಮಾಡೋಣ ಎಂದು ಕೂತೆವು.

ಮೊದಲು ಮೇಲ್ಮೈ. ಟ್ರ್ಯಾಕ್‌ಪ್ಯಾಡ್ ನಮ್ಮ ಬೆರಳಿನ ಒತ್ತಡದಿಂದ ಜಾಗ ಗುರುತಿಸುವುದಿಲ್ಲ. ಗಾಜಿನ ಕೆಳಗೆ ಬಲೆಯಂತೆ ಹರಡಿದ ಸಣ್ಣ ವಾಹಕಗಳಿರುತ್ತವೆ. ಬೆರಳು ಹತ್ತಿರ ಬಂದಾಗ ಅಲ್ಲಿಯ ವಿದ್ಯುದಾವೇಶ ತುಸು ಬದಲಾಗುತ್ತದೆ, ಆ ಬದಲಾವಣೆ ಎಲ್ಲಾಯಿತು ಎಂದು ಲೆಕ್ಕ ಹಾಕಿ ಬಾಣವನ್ನು ಸರಿಸುತ್ತದೆ. ಒದ್ದೆ ಬೆರಳು, ನೀರಿನ ಹನಿ, ಕ್ರೀಮಿನ ಪಸೆ ಇದ್ದರೆ ಲೆಕ್ಕ ತಪ್ಪಬಹುದು. ಕ್ಯಾಲಿಫೋರ್ನಿಯಾದ ಒಣಹವೆಗೆ ಚರ್ಮ ಒಡೆಯುತ್ತದೆಂದು ಅಪ್ಪ ಸ್ನಾನವಾದ ಮೇಲೆ ಕೈಗೆ ಕೊಬ್ಬರಿ ಎಣ್ಣೆ ಸವರಿಕೊಂಡು ಬರೆಯಲು ಕೂರುತ್ತಿದ್ದರು. ಹಲಗೆಯ ಮೇಲೆ ಎಣ್ಣೆ ಕನ್ನಡಿಯಂತೆ ಹೊಳೆಯುತ್ತಿತ್ತು. ಸ್ವಿಚ್ ಆರಿಸಿ, ತುಸುವೇ ತೇವದ ಮೆತ್ತನೆಯ ಬಟ್ಟೆಯಿಂದ ಒರೆಸಿ ಒಣಗಿಸಿದೆವು. ಬೆರಳು ಜಾರುವುದು ನಿಂತಿತು, ಹಾರಾಟ ನಿಲ್ಲಲಿಲ್ಲ.

ಆಮೇಲೆ ಬ್ಯಾಟರಿ. ಸಾಕಷ್ಟಿತ್ತು. ಬ್ಲೂಟೂತ್ ಆರಿಸಿ ಹಚ್ಚಿದೆವು, ಐದು ನಿಮಿಷ ನೆಟ್ಟಗೆ ನಡೆದು ಮತ್ತೆ ಅದೇ ರಾಗ. ಕೊನೆಗೆ ಚಾರ್ಜಿನ ತಂತಿಯನ್ನೇ ಕಂಪ್ಯೂಟರಿಗೆ ಸಿಕ್ಕಿಸಿ ಓಡಿಸಿದೆವು. ಬಾಣ ಬೆಣ್ಣೆಯ ಮೇಲೆ ನಡೆದಂತೆ ನಡೆಯಿತು. ಅಂದರೆ ಬೆರಳು ಸರಿ, ಹಲಗೆ ಸರಿ, ನಡುವಿನ ಗಾಳಿಯಲ್ಲೇ ಏನೋ ಇದೆ.

ಮೇಜಿನ ಮೇಲೆ ಟ್ರ್ಯಾಕ್‌ಪ್ಯಾಡಿನಿಂದ ಒಂದು ಗೇಣು ದೂರದಲ್ಲಿ ತಮ್ಮನ ಹಾರ್ಡ್‌ಡಿಸ್ಕ್ ಇತ್ತು, ಫೋಟೋಗಳ ನಕಲು ಇಡಲು. ಯುಎಸ್‌ಬಿ 3 ತಂತಿ. ಅದನ್ನು ಕಳಚಿದೆವು, ತೊಂದರೆ ಮಾಯ. ಮತ್ತೆ ಸಿಕ್ಕಿಸಿದೆವು, ಬಾಣ ಕುಣಿಯಿತು. ಮೂರು ಸಲ ಮಾಡಿದೆವು, ಮೂರು ಸಲವೂ ಹಾಗೇ. ಮೊಮ್ಮಗಳು ಚಪ್ಪಾಳೆ ಹೊಡೆದಳು. ಅಪ್ಪ ಮಾತ್ರ ಏನೂ ಹೇಳದೆ ತಮ್ಮ ಬಲಗೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಳ್ಳುತ್ತಿದ್ದರು.

ಕಾರಣ ಇಷ್ಟು. ಬ್ಲೂಟೂತ್ 2.4 ಗಿಗಾಹರ್ಟ್ಸ್ ಅಲೆಗಳಲ್ಲಿ ಮಾತಾಡುತ್ತದೆ. ಹಲವು ವೈಫೈಗಳೂ ಅಲ್ಲೇ, ಅಡುಗೆಮನೆಯ ಮೈಕ್ರೋವೇವ್ ಸೋರುವುದೂ ಅಲ್ಲೇ. ಯುಎಸ್‌ಬಿ 3 ತಂತಿಯಲ್ಲಿ ಮಾಹಿತಿ ಎಷ್ಟು ವೇಗವಾಗಿ ಹರಿಯುತ್ತದೆಂದರೆ ಅದರಿಂದ ಹೊಮ್ಮುವ ಗದ್ದಲವೂ ಅದೇ ಪಟ್ಟಿಗೆ ಬೀಳುತ್ತದೆ. ಇಂಟೆಲ್ ಕಂಪೆನಿ 2012ರಲ್ಲೇ ಇದನ್ನು ಅಳೆದು ಒಂದು ಲೇಖನ ಪ್ರಕಟಿಸಿತ್ತು. ಇಂಟೆಲ್ ಇರುವುದು ಸನ್ನಿವೇಲ್‌ನ ಪಕ್ಕದ ಸಾಂತಾ ಕ್ಲಾರಾದಲ್ಲಿ, ತಮ್ಮನ ಮನೆಯಿಂದ ಕಾರಿನಲ್ಲಿ ಹತ್ತು ನಿಮಿಷ. ಮೂರು ತಿಂಗಳು ಅಪ್ಪ ನೊಂದುಕೊಂಡಿದ್ದಕ್ಕೆ ಉತ್ತರ ಅಷ್ಟು ಹತ್ತಿರದಲ್ಲಿತ್ತು.

ಬೆರಳು, ಬಾಣ, ಪರದೆ ಇವೆಲ್ಲದರ ತವರುಮನೆಯೇ ಆ ಊರುಗಳು ಎಂದು ಆ ವಾರ ಅಪ್ಪನಿಗೆ ಹೇಳುತ್ತಾ ತಿರುಗಿದೆವು. ಮೆನ್ಲೋ ಪಾರ್ಕ್‌ನಲ್ಲಿ ಡಗ್ಲಸ್ ಎಂಗೆಲ್‌ಬಾರ್ಟ್ ಎಂಬುವರ ತಂಡ ಮರದ ಪೆಟ್ಟಿಗೆಗೆ ಎರಡು ಗಾಲಿ ಹಾಕಿ ಮೊದಲ ಮೌಸ್ ಮಾಡಿತು. 1968ರ ಡಿಸೆಂಬರ್ 9ರಂದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಅದನ್ನು ಸಭೆಗೆ ತೋರಿಸಿದರು. ಇಂಟೆಲ್‌ನ ಮೊದಲ ಮೈಕ್ರೋಪ್ರೊಸೆಸರ್ ರೂಪಿಸಿದವರಲ್ಲಿ ಒಬ್ಬರಾದ ಫೆಡರಿಕೋ ಫಾಜಿನ್ 1986ರಲ್ಲಿ ಕಾರ್ವರ್ ಮೀಡ್ ಜೊತೆ ಸಿನಾಪ್ಟಿಕ್ಸ್ ಕಟ್ಟಿದರು, ಲ್ಯಾಪ್‌ಟಾಪುಗಳ ಟಚ್‌ಪ್ಯಾಡಿಗೆ ಹೆಸರಾದ ಕಂಪೆನಿ ಅದು. ಕ್ಯುಪರ್ಟಿನೋದ ಆಪಲ್ 1994ರಲ್ಲಿ ಪವರ್‌ಬುಕ್ 500ರಲ್ಲಿ ಟ್ರ್ಯಾಕ್‌ಪ್ಯಾಡ್ ಕೊಟ್ಟಿತು, 2010ರಲ್ಲಿ ತಂತಿಯಿಲ್ಲದ ಬಿಡಿ ಟ್ರ್ಯಾಕ್‌ಪ್ಯಾಡನ್ನು ಮಾರಾಟಕ್ಕೆ ತಂದಿತು. "1968ರಲ್ಲಿ ನಾನು ಕಪ್ಪುಹಲಗೆಯನ್ನೇ ಸರಿಯಾಗಿ ಒರೆಸೋಕೆ ಕಲ್ತಿರಲಿಲ್ಲ" ಅಂದರು ಅಪ್ಪ. ನಕ್ಕರು, ಬಹಳ ದಿನಗಳ ಮೇಲೆ.

ಇನ್ನೂ ಒಂದು ಕಾಟ ಉಳಿದಿತ್ತು. ಬಾಣ ನೆಟ್ಟಗಾದರೂ ಟೈಪು ಮಾಡುವಾಗ ಅಕ್ಷರ ಹೋಗಿ ಬೇರೆಲ್ಲೋ ಬೀಳುತ್ತಿತ್ತು. 'ಸ್ವಾತಂತ್ರ್ಯ' ಎಂದು ಬರೆಯುತ್ತಿದ್ದರೆ ಒತ್ತಕ್ಷರ ಮೂರು ಸಾಲು ಮೇಲೆ ಹೋಗಿ ಕೂರುತ್ತಿತ್ತು. ಕನ್ನಡದಲ್ಲಿ ಇದು ಇಂಗ್ಲಿಷಿಗಿಂತ ದೊಡ್ಡ ಅನಾಹುತ. ಒತ್ತು ತಪ್ಪಿದರೆ ಎರಡು ಪದ ಕೆಡುತ್ತವೆ, ಹೋದದ್ದೂ ಬಂದದ್ದೂ. ಮೇಷ್ಟರಾದವರು ಅದನ್ನು ಹೇಗೆ ಸಹಿಸಿಯಾರು? ಇದಕ್ಕೆ ಅಲೆಗಳು ಕಾರಣವಲ್ಲ. ಅಪ್ಪ ಹೆಬ್ಬೆರಳನ್ನು ಹಲಗೆಯ ಅಂಚಿನಲ್ಲಿ ಊರಿ ವಿಶ್ರಾಂತಿ ಕೊಡುತ್ತಿದ್ದರು, ಸುಮ್ಮನೆ ತಾಗಿದರೂ ಕ್ಲಿಕ್ ಎಂದು ಗಣಿಸುವ ಸೌಲಭ್ಯ ಚಾಲೂ ಇತ್ತು. ಸೆಟ್ಟಿಂಗ್ಸ್‌ಗೆ ಹೋಗಿ ಅದನ್ನು ಆರಿಸಿ, ಒತ್ತಿದರೆ ಮಾತ್ರ ಕ್ಲಿಕ್ ಆಗುವಂತೆ ಮಾಡಿದೆವು. ಬಾಣದ ವೇಗವನ್ನೂ ಎರಡು ಮೆಟ್ಟಿಲು ಇಳಿಸಿದೆವು. ಹಲಗೆಯನ್ನು ಕೀಲಿಮಣೆಯಿಂದ ಅಂಗೈ ಅಗಲ ಬಲಕ್ಕೆ ಸರಿಸಿದೆವು.

ವೈದ್ಯರು ಪರೀಕ್ಷಿಸಿ ಪಾರ್ಕಿನ್ಸನ್ ಲಕ್ಷಣ ಕಾಣುವುದಿಲ್ಲ ಅಂದರು. ಇನ್ಹೇಲರನ್ನು ಹೇಳಿದಷ್ಟು ತೆಗೆದುಕೊಳ್ಳಲೇಬೇಕೆಂದು ಗದರಿದರು. ಗದರಿಕೆಯಲ್ಲಿ ಅರ್ಧ ನಮಗೆ ಸೇರಬೇಕಾದದ್ದು.

ಗಲ್ಫಿಗೆ ಮರಳಿ ಈ ಕಥೆ ಹೇಳಿದಾಗ ಗೆಳೆಯರ ಮನೆಗಳಿಂದಲೂ ದೂರುಗಳು ಬಂದವು. ನಮ್ಮ ಊರಿನ ಕಾರಣಗಳು ಬೇರೆ. ಆಗಸ್ಟಿನ ಸೆಖೆಯಿಂದ ಒಳಗೆ ಬಂದವರ ಬೆರಳು ಬೆವರಿರುತ್ತದೆ, ಸ್ಯಾನಿಟೈಸರ್ ಇನ್ನೂ ಆರಿರುವುದಿಲ್ಲ. ಊರಿನಿಂದ ತಂದ ಎರಡು ಪಿನ್ನಿನ ಚಾರ್ಜರಿಗೆ ಅರ್ಥಿಂಗ್ ಇರುವುದಿಲ್ಲ. ಲ್ಯಾಪ್‌ಟಾಪ್ ಚಾರ್ಜಿಗೆ ಹಾಕಿದಾಗ ಮಾತ್ರ ಬಾಣ ಕುಣಿದರೆ ಚಾರ್ಜರ್ ಕಳಚಿ ನೋಡಿ, ಸರಿಹೋದರೆ ಅರ್ಥಿಂಗ್ ಇರುವ ಮೂರು ಪಿನ್ನಿನ ತಂತಿ ಬಳಸಿ. ಒಂದನ್ನು ಮಾತ್ರ ತಮಾಷೆ ಮಾಡಬೇಡಿ. ಬಿಸಿಲಲ್ಲಿ ನಿಂತ ಕಾರಿನೊಳಗೆ ಲ್ಯಾಪ್‌ಟಾಪ್ ಬಿಟ್ಟರೆ ಬ್ಯಾಟರಿ ಕೆಟ್ಟು ಊದಿಕೊಳ್ಳಬಹುದು. ಹಲವು ಲ್ಯಾಪ್‌ಟಾಪುಗಳಲ್ಲಿ ಅದು ಟಚ್‌ಪ್ಯಾಡಿನ ಕೆಳಗೇ ಇರುತ್ತದೆ. ಪ್ಯಾಡ್ ಉಬ್ಬಿದಂತೆ ಕಂಡರೆ, ಕ್ಲಿಕ್ ಬಿಗಿಯಾದರೆ, ಒತ್ತಿ ಸರಿಮಾಡಲು ಹೋಗಬೇಡಿ, ಚಾರ್ಜಿಗೂ ಹಾಕಬೇಡಿ. ಆರಿಸಿ ರಿಪೇರಿಯವರಿಗೆ ಕೊಡಿ.

ಆಗಸ್ಟಿನಲ್ಲಿ ಅಪ್ಪ ಊರಿಗೆ ಮರಳಿದರು. ಹೊರಡುವಷ್ಟರಲ್ಲಿ ನಲವತ್ತೊಂದು ಪುಟ ಆಗಿತ್ತು, ದಿಬ್ಬಣ ಮಳೆ ದಾಟಿ ಮನೆ ಸೇರಿ ನಾವೆಲ್ಲ ಹುಟ್ಟಿಯೂ ಆಗಿತ್ತು. ತಮ್ಮನ ಹಾರ್ಡ್‌ಡಿಸ್ಕ್ ಈಗ ಉದ್ದ ತಂತಿಯಲ್ಲಿ ಪರದೆಯ ಹಿಂದೆ ಕೂತಿದೆ. ಅದರ ಮೇಲೆ ಒಂದು ಚೀಟಿ ಅಂಟಿದೆ, ದುಂಡನೆಯ ಅಕ್ಷರದಲ್ಲಿ: "ಇದನ್ನು ಯಾರೂ ಇಲ್ಲಿಂದ ಸರಿಸತಕ್ಕದ್ದಲ್ಲ."