ಕವಲು ಎಣಿಸುವ ಮೇಜು

ಲಂಡನ್ನಿನ ಆಸ್ಪತ್ರೆಯೊಂದರ ಹಿಂಬದಿಯ ಪ್ರಯೋಗಾಲಯ. ಕಿಟಕಿಯಾಚೆ ಜಿನುಗುಮಳೆ, ಒಳಗೆ ಮೂಗನ್ನು ಚುರುಗುಟ್ಟಿಸುವ ಫಾರ್ಮಲಿನ್, ಅದರಡಿ ಅಡಗಿಯೂ ಅಡಗದ ಇನ್ನೊಂದು ವಾಸನೆ. ತಂತ್ರಜ್ಞೆ ಕೈಗವಸು ಎಳೆದುಕೊಂಡು ಡಬ್ಬಿಯ ಮುಚ್ಚಳ ತಿರುಗಿಸುತ್ತಾಳೆ. ಚಿಮಟದ ತುದಿಯಲ್ಲಿ ಹೆಬ್ಬೆರಳ ಉಗುರಿನಷ್ಟುದ್ದದ ಬೆಳ್ಳನೆಯ ಚಪ್ಪಟೆ ತುಂಡೊಂದು ಜೋತಾಡುತ್ತದೆ. ನಮ್ಮವರು ಲಾಡಿಹುಳು ಎಂದದ್ದು ಸುಮ್ಮನಲ್ಲ. ಪಾಯಜಾಮದಿಂದ ಕತ್ತರಿಸಿಕೊಂಡ ಲಾಡಿಯೇ!

ಇಂಥ ಡಬ್ಬಿ ಇಲ್ಲಿಗೆ ದಿನಾ ಬರುವುದಿಲ್ಲ. ಬಂದರೆ ಅದರ ಹಿಂದೊಂದು ಪಯಣವಿರುತ್ತದೆ: ಇಥಿಯೋಪಿಯಾದಲ್ಲಿ ಬಂಧುಗಳ ಜೊತೆ ಕೂತು ಹಸಿ ದನದ ಮಾಂಸ ಉಂಡು ಮರಳಿದವರದೋ ಏನೋ. ಅಲ್ಲಿನ ಮನೆಗಳಲ್ಲಿ ಕೊಸ್ಸೊ ಮರದ ಹೂ ಅರೆದು ಕುಡಿದು ಹುಳು ಬೀಳಿಸಿಕೊಳ್ಳುವುದು ತಲೆಮಾರುಗಳ ರೂಢಿ. ಇಲ್ಲಿ ಮಾತ್ರ ಎಷ್ಟೋ ವೈದ್ಯರು ಈ ಹುಳುವನ್ನು ಪುಸ್ತಕದಲ್ಲಷ್ಟೇ ಕಂಡವರು.

ತಂತ್ರಜ್ಞೆ ಸಣ್ಣ ಸೂಜಿಯಿಂದ ಆ ತುಂಡಿಗೆ ಇಂಡಿಯಾ ಇಂಕ್ ಏರಿಸುತ್ತಾಳೆ. ಕಪ್ಪು ಶಾಯಿ ನಡುನಾಳದಲ್ಲಿ ಹರಿದು, ಎರಡೂ ಬದಿಗೆ ಒಡೆದು, ಎಲೆಯ ನರಗಳಂತೆ ಮೂಡುತ್ತದೆ. ತುಟಿ ಅಲುಗಿಸುತ್ತ ಒಂದು ಬದಿಯ ಕವಲು ಎಣಿಸುತ್ತಾಳೆ. ಹದಿನೈದು ದಾಟಿತೇ, ದನದ ಮಾಂಸದ ಹುಳು, ನಿರಾಳ. 7ರಿಂದ 13ರೊಳಗೆ ನಿಂತರೆ ಹಂದಿಯದಿರಬಹುದು. 12, 13ರ ಹತ್ತಿರ ಎಣಿಕೆಯನ್ನೇ ನಂಬುವಂತಿಲ್ಲ. ಡಿಎನ್‌ಎ ಪರೀಕ್ಷೆಗೆ ಹೋಗಬೇಕು.

ಇಷ್ಟೇಕೆ ಎಣಿಕೆ? ಹಂದಿಯ ಹುಳುವಿನ ಮೊಟ್ಟೆ ತೊಳೆಯದ ಕೈಯಿಂದ ಯಾರ ಬಾಯಿಗಾದರೂ ಸೇರಬಹುದು. ಮರಿ ಮೆದುಳಿಗೇರಿ ಕೂತರೆ ಫಿಟ್ಸ್. ಸೊಪ್ಪುಸಾರು ಉಣ್ಣುವವರನ್ನೂ ಅದು ಬಿಡದೆಂಬುದು ಬೆಂಗಳೂರಿನ ನಿಮ್ಹಾನ್ಸ್ ವೈದ್ಯರಿಗೆ ಹೊಸತಲ್ಲ. ಇಂಗ್ಲೆಂಡಿಗೂ ಈ ಪಾಠ ನಮ್ಮ ಕಡೆಯಿಂದಲೇ ಹೋದದ್ದು: ಇಂಡಿಯಾದಲ್ಲಿ ದುಡಿದು ಊರಿಗೆ ಮರಳಿದ ಬ್ರಿಟಿಷ್ ಸೈನಿಕರು ವರ್ಷಗಳ ಮೇಲೆ ಫಿಟ್ಸ್ ಬಂದು ಬೀಳತೊಡಗಿದ್ದರು. ವೈದ್ಯರಾದ ಡಿಕ್ಸನ್ ಮತ್ತು ಲಿಪ್ಸ್‌ಕಂಬ್ 1961ರ ವರದಿಯಲ್ಲಿ 450 ರೋಗಿಗಳ ಕಥೆ ದಾಖಲಿಸಿದರು.

ಔಷಧಿಗೂ ಈ ಎಣಿಕೆ ಬೇಕು. ಪ್ರಾಜಿಕ್ವಾಂಟೆಲ್ ಒಂದೇ ಬಾರಿ, ಮೈತೂಕದ ಕಿಲೋಗೆ 5ರಿಂದ 10 ಮಿಲಿಗ್ರಾಂ. ಆದರೆ ಅದು ರಕ್ತಕ್ಕಿಳಿಯುತ್ತದೆ; ಹುಳು ಹಂದಿಯದಾಗಿ ಮೆದುಳಲ್ಲಿ ಗುಟ್ಟಾಗಿ ಮರಿ ಕೂತಿದ್ದರೆ ಅದನ್ನು ಕೆಣಕಿ ಫಿಟ್ಸ್ ತರಿಸಬಹುದು. ನಿಕ್ಲೋಸಮೈಡ್ ಕರುಳಲ್ಲೇ ಉಳಿಯುತ್ತದೆ. ಎರಡೂ ಲಂಡನ್ನಿನ ಬೀದಿಯ ಔಷಧಿ ಅಂಗಡಿಯಲ್ಲಿ ಸಿಗುವಂಥವಲ್ಲ. ರೋಗಿಯ ಹೆಸರು ಬರೆದು ಹೊರದೇಶದಿಂದ ತರಿಸಬೇಕು.

ಮಾತ್ರೆ ನುಂಗಿಸಿದ ಮೇಲೆ ಮತ್ತೊಂದು ಡಬ್ಬಿ ಬರುತ್ತದೆ. ತಂತ್ರಜ್ಞೆ ಅದನ್ನು ಜರಡಿಗೆ ಸುರಿದು ನೀರು ಬಿಟ್ಟು ಅಲುಗಿಸುತ್ತಾಳೆ, ಅಕ್ಕಿಯಲ್ಲಿ ಕಲ್ಲು ಹುಡುಕುವವಳ ಹಾಗೆ. ಬೇಕಿರುವುದು ಹುಳುವಿನ ತಲೆ, ಗುಂಡುಸೂಜಿಯ ತಲೆಯಷ್ಟು. ಎಷ್ಟೋ ಸಲ ಅದು ಕರಗಿಹೋಗಿರುತ್ತದೆ. ಸಿಗಲಿಲ್ಲವೆಂದರೆ ತಿಂಗಳುಗಳ ನಂತರ ಮತ್ತೆ ಬರಬೇಕೆಂದು ಚೀಟಿಯಲ್ಲಿ ಗೀಚಿ, ಜರಡಿಯನ್ನು ತೊಳೆಯಲು ಎತ್ತಿಕೊಳ್ಳುತ್ತಾಳೆ.