ಗುಡ್ಡದ ನೀರು ದಾರಿ ಮರೆಯದು

ಬೆಳಿಗ್ಗೆ ಎಂಟರ ಹೊತ್ತಿಗೆ ಜಮಖಂಡಿ ಬಸ್ ನಿಲ್ದಾಣದಲ್ಲಿ ನಿಂತು ನೋಡಿ. ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಯ ಬಸ್ಸುಗಳಿಂದ ಕಾಲೇಜು ಹುಡುಗರು, ಶಿಕ್ಷಕರು, ನೌಕರರು ಇಳಿಯುತ್ತಾರೆ. ಅವೇ ಬಸ್ಸು ಹತ್ತಿ ಆ ಊರುಗಳಿಗೆ ಹೋಗುವವರೂ ಉಂಟು. ದಿನವೂ ಓಡಾಡಿ ಬೇಸತ್ತವರು ಕೊನೆಗೆ ಇಲ್ಲೇ ಒಂದು ನಿವೇಶನ ಹುಡುಕುತ್ತಾರೆ. ನಾನೂ ಹಾಗೆ ನೆಲೆಸಿದವನೇ.

ಜಮಖಂಡಿ ಗುಡ್ಡದ ಮಡಿಲಿನ ಊರು. 1811ರಿಂದ 1948ರವರೆಗೆ ಪಟವರ್ಧನರ ಸಂಸ್ಥಾನದ ರಾಜಧಾನಿ. ಗುಡ್ಡದ ಮೇಲೆ ಅವರ ರಾಮತೀರ್ಥ ಅರಮನೆ. ಈಗ ಹೊಸ ಬಡಾವಣೆಗಳು ಇಳಿಜಾರಿನತ್ತಲೂ ಚಾಚಿವೆ.

ನಾನು ನಿವೇಶನ ಕೊಂಡದ್ದು ಬೇಸಿಗೆಯಲ್ಲಿ. ನೆಲ ಒಣಗಿತ್ತು, ಬೆಲೆ ಕಡಿಮೆಯಿತ್ತು. ಮನೆ ಕಟ್ಟಿದ ಮೊದಲ ದೊಡ್ಡ ಮಳೆಗೆ ಅಡುಗೆಮನೆಯಲ್ಲಿ ಮೊಣಕಾಲುದ್ದ ಕೆಂಪು ನೀರು! ‘ವಿಜ್ಞಾನ ಕಲಿಸೋ ಮಾಸ್ತರ್‍ರು, ಹಳ್ಳದಾಗ ಮನಿ ಕಟ್ಟೀರಲ್ರೀ’ ಎಂದರು ನೆರೆಯ ಅಜ್ಜ. ಅವರ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ.

ಲೆಕ್ಕ ಸರಳ. ಒಂದು ಹೆಕ್ಟೇರ್ ನೆಲದ ಮೇಲೆ 50 ಮಿ.ಮೀ. ಮಳೆ ಬಿದ್ದರೆ ಅದು 5 ಲಕ್ಷ ಲೀಟರ್ ನೀರು. ಹುಲ್ಲು, ಗಿಡ ಇದ್ದಲ್ಲಿ ಅದರಲ್ಲೊಂದು ಪಾಲು ಮಣ್ಣಿಗಿಳಿದು ಬಾವಿಗಳಿಗೆ ಸೇರುತ್ತದೆ. ಬೋಳು ನೆಲ, ಕಾಂಕ್ರೀಟ್ ಆದರೆ ಬಹುಪಾಲು ಕೆಳಗೆ ಓಡುತ್ತದೆ. ಮರುವಾರ ತರಗತಿಯಲ್ಲಿ ಎರಡು ತಟ್ಟೆಗಳನ್ನು ಓರೆಯಾಗಿಟ್ಟೆವು. ಒಂದರಲ್ಲಿ ಬರಿ ಮಣ್ಣು, ಇನ್ನೊಂದರಲ್ಲಿ ಹುಲ್ಲಿನ ಹೆಂಟೆ. ಎರಡಕ್ಕೂ ಒಂದೊಂದು ಲೀಟರ್ ನೀರು. ಬರಿ ಮಣ್ಣಿನಿಂದ ಕೆಸರು ನೀರು ಸರ್‍ರನೆ ಹರಿಯಿತು. ಹುಲ್ಲಿನಿಂದ ತಿಳಿನೀರು ತಡವಾಗಿ, ಸ್ವಲ್ಪವೇ ಬಂತು. ಮಕ್ಕಳಿಗೆ ಪಾಠ ಬೇರೆ ಬೇಕಾಗಲಿಲ್ಲ.

ವಿಪರ್ಯಾಸವೆಂದರೆ ಮಳೆಯಲ್ಲಿ ಮುಳುಗುವ ನಾವೇ ಬೇಸಿಗೆಯಲ್ಲಿ ಕೊಡ ಹಿಡಿಯುತ್ತೇವೆ. ನೀರಿನ ಬೆಲೆ ಈ ಸೀಮೆಗೆ ಹೊಸದಲ್ಲ. ಇದೇ ತಾಲ್ಲೂಕಿನ ಚಿಕ್ಕಪಡಸಲಗಿಯಲ್ಲಿ ರೈತರೇ ಹಣ, ಶ್ರಮ ಕೂಡಿಸಿ 1989ರಲ್ಲಿ ಕೃಷ್ಣೆಗೆ ಬ್ಯಾರೇಜ್ ಕಟ್ಟಿದರು. ಮುಂದಾಳು ಸಿದ್ದು ನ್ಯಾಮಗೌಡರಿಗೆ ‘ಬ್ಯಾರೇಜ್ ಸಿದ್ದು’ ಎಂದೇ ಹೆಸರಾಯಿತು. ನದಿಯನ್ನೇ ತಡೆದು ನಿಲ್ಲಿಸಿದ ಜನಕ್ಕೆ ಮನೆ ಮಾಳಿಗೆಯ ನೀರು ಹಿಡಿಯುವುದು ಹೆಚ್ಚೇ? ನಮ್ಮಲ್ಲಿ ವರ್ಷಕ್ಕೆ 500 ಮಿ.ಮೀ. ಮಳೆಯಾದರೂ ಸಾಕು, ಸಾವಿರ ಚದರಡಿ ಮಾಳಿಗೆಯ ಮೇಲೆ ಸುಮಾರು 46 ಸಾವಿರ ಲೀಟರ್ ಬೀಳುತ್ತದೆ.

ವಿದ್ಯಾರ್ಥಿಗಳೇ, ನಿಮ್ಮ ಮಾಳಿಗೆಯ ಉದ್ದ-ಅಗಲ ಅಳೆದು ಈ ಲೆಕ್ಕ ನೀವೇ ಮಾಡಿ. ಪಾಲಕರೇ, ನಿವೇಶನ ಕೊಳ್ಳುವ ಮುನ್ನ ಒಂದು ಮಳೆಗಾಲ ಕಾಯಿರಿ. ಕೊಡೆ ಹಿಡಿದು ಹೋಗಿ, ನೀರು ಎಲ್ಲಿ ಹರಿಯುತ್ತದೆಂದು ನೋಡಿ ಬನ್ನಿ. ಊರಿನ ಹಿರಿಯರನ್ನೂ ಕೇಳಿ. ನಾನು ಕೇಳಿರಲಿಲ್ಲ.