ರನ್ ಹೊಡೆದದ್ದು ಯಾರ ಎದುರು?

ಹಿಂಗಾರಿ ಜೋಳ, ಕಡಲೆ ಮನೆ ಸೇರಿದ ಮೇಲೆ ಕುಷ್ಟಗಿ, ಯಲಬುರ್ಗಾ ಸೀಮೆಯ ಎರಿಹೊಲಗಳು ಬಯಲಾಗುತ್ತವೆ. ಊರ ಹುಡುಗರು ಅದರಲ್ಲೊಂದು ತುಂಡಿಗೆ ನೀರು ಹೊಡೆದು, ಟ್ರ್ಯಾಕ್ಟರ್ ಓಡಾಡಿಸಿ ಗಟ್ಟಿ ಮಾಡಿದರೆ ಪಿಚ್ ಸಿದ್ಧ. ಶಾಮಿಯಾನ, ಮೈಕು, ಮೊದಲ ಬಹುಮಾನ ಕೊಟ್ಟ ದಾನಿಗಳ ಹೆಸರು, ನಡುನಡುವೆ ಡಿಜೆ ಹಾಡು. ಟೆನಿಸ್ ಬಾಲ್ ಟೂರ್ನಿಗೆ ಇನ್ನೇನು ಬೇಕು? ಪ್ರತಿ ಊರಿನ ತಂಡಕ್ಕೂ ಒಬ್ಬ ಹೀರೋ ಇರುತ್ತಾನೆ. ಅವನು ಸತತ ಎರಡು ಸಿಕ್ಸರ್ ಎತ್ತಿದರೆ ಸಾಕು, ನೋಡುತ್ತ ಕುಂತವರ ಬಾಯಲ್ಲಿ ಒಂದೇ ಮಾತು: ‘ಇವನ್ನ ಐಪಿಎಲ್‌ನವ್ರು ಯಾಕ ಒಯ್ಯವಲ್ರು?’

ತಮಾಷೆಯ ಮಾತೆಂದು ಇದನ್ನು ತಳ್ಳಿಹಾಕುವಂತಿಲ್ಲ. ಕೆಳಗಿನ ಹಂತದಲ್ಲಿ ಮಿಂಚುವವನು ಮೇಲಿನ ಹಂತದಲ್ಲಿ ನಿಲ್ಲುತ್ತಾನೋ ಇಲ್ಲವೋ ಎಂಬುದನ್ನು ಹೇಳುವುದಕ್ಕೇ ಸಂಬಳ ಪಡೆಯುವ ಆಯ್ಕೆಗಾರರಿದ್ದಾರೆ. ಅವರೂ ಮತ್ತೆ ಮತ್ತೆ ಎಡವುತ್ತಾರೆ.

2018ರ ಡಿಸೆಂಬರ್ 26. ಮೆಲ್ಬರ್ನ್ ಮೈದಾನದಲ್ಲಿ ಕರ್ನಾಟಕದ ಮಯಂಕ್ ಅಗರ್ವಾಲ್ ಮೊದಲ ಟೆಸ್ಟ್ ಆಡಲು ಇಳಿದಿದ್ದರು. ಹಿಂದಿನ ದೇಶೀ ಋತುವಿನಲ್ಲಿ ಅವರು ಎಲ್ಲ ಟೂರ್ನಿಗಳಲ್ಲಿ ಸೇರಿ 2141 ರನ್ ಪೇರಿಸಿದ್ದರು. 2017ರ ನವೆಂಬರ್ ಒಂದೇ ತಿಂಗಳಲ್ಲಿ ರಣಜಿಯಲ್ಲಿ ಬಂದದ್ದು 1000ಕ್ಕೂ ಹೆಚ್ಚು. ಅದರಲ್ಲಿ ಪುಣೆಯಲ್ಲಿ ಮಹಾರಾಷ್ಟ್ರದ ವಿರುದ್ಧ ಹೊಡೆದ ಅಜೇಯ 304 ಸೇರಿತ್ತು. ವೀಕ್ಷಕ ವಿವರಣೆಗೆ ಕುಳಿತಿದ್ದ ಆಸ್ಟ್ರೇಲಿಯಾದ ಮಾಜಿ ಸ್ಪಿನ್ನರ್ ಕೆರಿ ಓಕೀಫ್ ಆ ತ್ರಿಶತಕವನ್ನು ಜಲಂಧರ್ ರೈಲ್ವೆ ಕ್ಯಾಂಟೀನ್ ಸಿಬ್ಬಂದಿಯ ಎದುರು ಹೊಡೆದದ್ದು ಎಂದು ಗೇಲಿ ಮಾಡಿದರು. ಭಾರತೀಯರು ಸಿಟ್ಟಾದರು, ಓಕೀಫ್ ಕ್ಷಮೆ ಕೇಳಿದರು. ಮಯಂಕ್ ಆ ದಿನ 76 ರನ್ ಹೊಡೆದು ಉತ್ತರ ಕೊಟ್ಟಿದ್ದರು.

ಗೇಲಿ ಒರಟಾಗಿತ್ತು, ನಿಜ. ಆದರೆ ಅದರೊಳಗಿನ ಪ್ರಶ್ನೆ ಆಯ್ಕೆಗಾರರ ಕೋಣೆಯಲ್ಲಿ ದಿನಾ ಏಳುವಂಥದ್ದೇ. 2018–19ರ ರಣಜಿಯಲ್ಲಿ ಅತಿ ಹೆಚ್ಚು ರನ್, ಅಂದರೆ 1331, ಹೊಡೆದವರು ಮಿಲಿಂದ್ ಕುಮಾರ್. ಸಿಕ್ಕಿಂ ತಂಡಕ್ಕಾಗಿ, ಹೊಸ ರಾಜ್ಯಗಳು ತುಂಬಿದ್ದ ಪ್ಲೇಟ್ ಗುಂಪಿನಲ್ಲಿ. ಆ ರನ್ನಿನ ರಾಶಿ ಅವರನ್ನು ಭಾರತ ತಂಡದ ಹತ್ತಿರಕ್ಕೂ ತರಲಿಲ್ಲ. ಮುಂದೆ ಅವರು ಅಮೆರಿಕಕ್ಕೆ ಹೋಗಿ, 2024ರ ಟಿ20 ವಿಶ್ವಕಪ್ಪಿಗೆ ಆ ದೇಶದ ತಂಡ ಸೇರಿದರು. ಮಯಂಕ್ ವಿಷಯದಲ್ಲೂ ಆಯ್ಕೆಗಾರರು ರನ್ ಕಂಡ ಕೂಡಲೇ ಬಾಗಿಲು ತೆರೆಯಲಿಲ್ಲ. ಮೊದಲು ರಾಹುಲ್ ದ್ರಾವಿಡ್ ತರಬೇತಿಯ ಭಾರತ ‘ಎ’ ತಂಡದೊಂದಿಗೆ 2018ರ ಬೇಸಿಗೆಯಲ್ಲಿ ಇಂಗ್ಲೆಂಡಿಗೆ ಕಳಿಸಿದರು. ಅಲ್ಲಿನ ಚೆಂಡು ಬೇರೆ, ಗಾಳಿ ಬೇರೆ. ಅಲ್ಲಿಯೂ ಶತಕಗಳು ಬಂದವು. ಆಮೇಲೆ ಟೆಸ್ಟ್. ತವರಿನಲ್ಲಿ 2019ರ ಎರಡು ದ್ವಿಶತಕಗಳು ಅವರ ಹೆಸರಿನಲ್ಲಿವೆ, ವಿಶಾಖಪಟ್ಟಣದಲ್ಲಿ 215, ಇಂದೋರಿನಲ್ಲಿ 243. ಹೊರದೇಶಗಳಲ್ಲಿ ಆ ಮಟ್ಟ ನಿಲ್ಲಲಿಲ್ಲ. 21 ಟೆಸ್ಟ್‌ಗಳಲ್ಲಿ ಅವರ ಪಯಣ ನಿಂತಿದೆ.

ಕೊಪ್ಪಳದ ಹುಡುಗನಿಗೆ ಈ ಏಣಿಯ ಬುಡ ಎಲ್ಲಿದೆ? 1997ರ ಆಗಸ್ಟ್ 24ರಂದು ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ತಾಲ್ಲೂಕುಗಳು ರಾಯಚೂರಿನಿಂದ ಬೇರೆಯಾಗಿ ಹೊಸ ಜಿಲ್ಲೆಯಾದವು. ಕರ್ನಾಟಕ ರಾಜ್ಯ ಕ್ರಿಕೆಟ್ ಸಂಸ್ಥೆಯ (ಕೆಎಸ್‌ಸಿಎ) ಲೆಕ್ಕದಲ್ಲಿ ಮಾತ್ರ ಕೊಪ್ಪಳ ಇಂದಿಗೂ ರಾಯಚೂರು ವಲಯ. ಬಳ್ಳಾರಿ, ಕಲಬುರಗಿ, ಬೀದರ್ ಕಡೆಯವರೂ ಅದೇ ವಲಯದ ಟ್ರಯಲ್ಸ್‌ಗೆ ಬರುತ್ತಾರೆ. ಅಲ್ಲಿ ಗೆದ್ದವನು ಅಂತರವಲಯ ಪಂದ್ಯ ಆಡಬೇಕು. ಅಲ್ಲಿ ಕಣ್ಣಿಗೆ ಬಿದ್ದರೆ ರಾಜ್ಯ ತಂಡ: 16ರೊಳಗಿನವರಿಗೆ ವಿಜಯ್ ಮರ್ಚಂಟ್ ಟ್ರೋಫಿ, 19ರೊಳಗೆ ಕೂಚ್ ಬಿಹಾರ್, 23ರೊಳಗೆ ಸಿ.ಕೆ. ನಾಯುಡು, ಆಮೇಲೆ ರಣಜಿ. ರಣಜಿಯಾಚೆ ದುಲೀಪ್ ಟ್ರೋಫಿ, ಭಾರತ ‘ಎ’. ಇಷ್ಟರ ನಡುವೆ ಒಂದು ಮೆಟ್ಟಿಲು ಯಾವ ಪಟ್ಟಿಯಲ್ಲೂ ಇಲ್ಲ: ಬೆಂಗಳೂರಿನ ಲೀಗ್ ಕ್ಲಬ್ಬೊಂದರಲ್ಲಿ ಜಾಗ ಹಿಡಿಯುವುದು. ರೂಮು, ಊಟ, ಕಿಟ್, ಓದು ಎಲ್ಲದರ ಖರ್ಚು ಅಪ್ಪನ ಹೆಗಲಿಗೆ ಬೀಳುವುದು ಇಲ್ಲಿಂದಲೇ. ಹಳ್ಳಿಯ ಎಷ್ಟೋ ಕೈಗಳು ಸೋಲುವುದು ಬೌಲರಿಗಲ್ಲ, ಈ ಖರ್ಚಿಗೆ.

ಆಟದ್ದೇ ತೊಡಕು ಇನ್ನೊಂದು. ಟೆನಿಸ್ ಚೆಂಡು ಹಗುರ, ಪುಟಿದರೆ ಮೇಲೇಳುತ್ತದೆ, ಗಾಳಿಯಲ್ಲಿ ಹೆಚ್ಚು ಹೊರಳುವುದಿಲ್ಲ. ಅದಕ್ಕೆ ಮುಂಗಾಲು ಬದಿಗೆ ಸರಿಸಿ ಬ್ಯಾಟ್ ಬೀಸಿದರೆ ಚೆಂಡು ಹೊಲದಾಚೆ. ಲೆದರ್ ಬಾಲ್ ಹೊಲಿಗೆಯ ಮೇಲೆ ಬಿದ್ದು ಇಷ್ಟೇ ಇಷ್ಟು ಸರಿದರೂ ಅದೇ ಹೊಡೆತ ಸ್ಲಿಪ್‌ನವನ ಕೈಗೆ ಹೋಗುತ್ತದೆ. ಲೆದರ್ ಬಾಲ್ ಕಲಿತವನಿಗೂ ಮ್ಯಾಟ್ ಮೇಲಿನ ಪುಟಿತ ಒಂದು, ಟರ್ಫ್ ಮೇಲಿನದು ಇನ್ನೊಂದು. ಹಾಗಾಗಿ ಪಳಗಿದ ಆಯ್ಕೆಗಾರ ಟ್ರಯಲ್ಸ್‌ನಲ್ಲಿ ಸಿಕ್ಸರ್ ಎಣಿಸುವುದಿಲ್ಲ. ಚೆಂಡು ಬೌಲರ್ ಕೈ ಬಿಟ್ಟಾಗ ಹುಡುಗನ ತಲೆ ಅಲ್ಲಾಡುತ್ತದೆಯೇ, ಬಿಡಬೇಕಾದ ಚೆಂಡನ್ನು ಬಿಡುತ್ತಾನೆಯೇ, ಔಟಾದ ರೀತಿಯಲ್ಲೇ ಮತ್ತೆ ಔಟಾಗುತ್ತಾನೆಯೇ ಎಂದು ನೋಡುತ್ತಾನೆ. ಕೊನೆಯದಕ್ಕೆ ಒಂದು ದಿನದ ಟ್ರಯಲ್ಸ್ ಸಾಲದು. ಹುಡುಗ ಸೋಲುವುದನ್ನು ನೋಡಬೇಕು, ಸೋತ ಮೇಲೆ ಏನು ಬದಲಿಸಿದ ಎಂಬುದನ್ನೂ ನೋಡಬೇಕು.

ಅದಕ್ಕೂ ಮೊದಲು ವಯಸ್ಸಿನ ಪ್ರಶ್ನೆ. ನಮ್ಮ ಜಾನುವಾರು ಸಂತೆಗಳಲ್ಲಿ ಹೋರಿ ಕೊಳ್ಳುವ ರೈತ ಮಾರುವವನ ಮಾತು ಕೇಳುವ ಮೊದಲು ಬಾಯಿ ಬಿಡಿಸಿ ಎರಡು ಹಲ್ಲೋ, ನಾಲ್ಕು ಹಲ್ಲೋ, ಬಾಯಿಗೂಡಿದೆಯೋ ನೋಡುತ್ತಾನೆ. ಭಾರತೀಯ ಕ್ರಿಕೆಟ್ ಮಂಡಳಿ ನೋಡುವುದು ಎಲುಬನ್ನು. 16ರೊಳಗಿನ ಹುಡುಗರ ಎಡಗೈ ಮಣಿಕಟ್ಟಿನ ಎಕ್ಸ್-ರೇ ತೆಗೆದು, ಟಿಡಬ್ಲ್ಯು3 ಎಂಬ ವಿಧಾನದಲ್ಲಿ ಎಲುಬಿನ ಬೆಳವಣಿಗೆ ಅಳೆದು ವಯಸ್ಸು ಅಂದಾಜಿಸುತ್ತಾರೆ. 2015ರ ಡಿಸೆಂಬರಿನಲ್ಲಿ ದೆಹಲಿಯ ಪಟೌಡಿ ಸ್ಮಾರಕ ಉಪನ್ಯಾಸದಲ್ಲಿ ದ್ರಾವಿಡ್ ವಯಸ್ಸಿನ ಮೋಸದ ವಿರುದ್ಧ ಕಟುವಾಗಿಯೇ ಮಾತಾಡಿದ್ದರು. ಕಾರಣ ಸರಳ. ಹದಿನಾರರವರ ನಡುವೆ ಹದಿನೆಂಟರವನು ನಿಂತರೆ ರನ್ ಬರುವುದು ಕೈಚಳಕದಿಂದಲ್ಲ, ಮೈಕಟ್ಟಿನಿಂದ. ಉಳಿದವರೂ ಬೆಳೆದು ಸಮವಾದಾಗ ಅವನ ಆಟ ಅಲ್ಲಿಗೇ ನಿಲ್ಲುತ್ತದೆ. ಅಷ್ಟರಲ್ಲಿ ನಿಜವಾದ ಹದಿನಾರರ ಹುಡುಗನೊಬ್ಬ ಜಾಗ ಸಿಗದೆ ಬ್ಯಾಟು ಕೆಳಗಿಟ್ಟಿರುತ್ತಾನೆ.

ಈ ಸೀಮೆಗೆ ತೀರ ಹತ್ತಿರದ ಉದಾಹರಣೆ ಗದಗದ ಸುನಿಲ್ ಜೋಶಿ. ಕೊಪ್ಪಳದಿಂದ ಹೊರಟರೆ ಒಂದು ತಾಸಿನ ದಾರಿ. ಜೋಶಿ ಬಾಲ್ಯದಲ್ಲಿ ನಸುಕಿಗೆದ್ದು ಹುಬ್ಬಳ್ಳಿಗೆ ಅಭ್ಯಾಸಕ್ಕೆ ಹೋಗಿ, ಸಾಲೆಯ ಹೊತ್ತಿಗೆ ಗದಗಕ್ಕೆ ಮರಳುತ್ತಿದ್ದರು. 1995–96ರ ರಣಜಿಯಲ್ಲಿ 500ಕ್ಕೂ ಹೆಚ್ಚು ರನ್, 50ಕ್ಕೂ ಹೆಚ್ಚು ವಿಕೆಟ್. ಒಂದೇ ಋತುವಿನಲ್ಲಿ ಎರಡೂ. 1996ರ ಜೂನ್‌ನಲ್ಲಿ ಎಜ್‌ಬಾಸ್ಟನ್‌ನಲ್ಲಿ ಟೆಸ್ಟ್ ಕ್ಯಾಪ್ ಸಿಕ್ಕಾಗ ವಯಸ್ಸು 26. ತಡವಾಯಿತೆಂದು ಕೊರಗುವವರಿದ್ದಾರೆ. ಆದರೆ ಅಷ್ಟು ವರ್ಷ ಒಣ ಪಿಚ್ಚುಗಳ ಮೇಲೆ ಉದ್ದುದ್ದ ಸ್ಪೆಲ್ ಹಾಕಿದ್ದರಿಂದಲೇ 1999ರಲ್ಲಿ ನೈರೋಬಿಯಲ್ಲಿ ದಕ್ಷಿಣ ಆಫ್ರಿಕಾದ ಎದುರು 10 ಓವರ್, 6 ಮೇಡನ್, 6 ರನ್, 5 ವಿಕೆಟ್ ಎಂಬ ಲೆಕ್ಕ ಬರೆಯುವ ಕಸುಬು ಕೈಗೆ ಹತ್ತಿರಬೇಕು. 2020ರಲ್ಲಿ ಅದೇ ಜೋಶಿ ರಾಷ್ಟ್ರೀಯ ಆಯ್ಕೆ ಸಮಿತಿಯ ಅಧ್ಯಕ್ಷರಾದರು. ಏಣಿ ಹತ್ತಿದವರೇ ಏಣಿ ಹಿಡಿದು ನಿಂತರು.

ಹುಡುಗರನ್ನು ಅಳೆಯುವ ಈ ಕೆಲಸವನ್ನು ಒಂದು ಉದ್ಯಮವನ್ನಾಗಿಯೇ ಬೆಳೆಸಿದ್ದು ಅಮೆರಿಕದ ಬೇಸ್‌ಬಾಲ್. ಅಲ್ಲಿ ಮೇಜರ್ ಲೀಗ್‌ನ 30 ತಂಡಗಳಿಗೆ ಕೆಳಗೆ 120 ಮೈನರ್ ಲೀಗ್ ತಂಡಗಳಿವೆ: ಸಿಂಗಲ್-ಎ, ಹೈ-ಎ, ಡಬಲ್-ಎ, ಟ್ರಿಪಲ್-ಎ. ಊರೂರು ಸುತ್ತುವ ಸ್ಕೌಟ್‌ಗಳು ಆಟಗಾರನ ಹೊಡೆತ, ಬಲ, ಓಟ, ಎಸೆತ, ಫೀಲ್ಡಿಂಗ್ ಐದಕ್ಕೂ 20ರಿಂದ 80ರವರೆಗೆ ಅಂಕ ಕೊಡುತ್ತಾರೆ. 50 ಅಂದರೆ ಮೇಜರ್ ಲೀಗ್‌ನ ಸಾಧಾರಣ ಮಟ್ಟ. ಜಾಣತನ ಇರುವುದು ಮುಂದಿನ ಹೆಜ್ಜೆಯಲ್ಲಿ. ಪ್ರತಿಯೊಂದಕ್ಕೂ ಎರಡು ಅಂಕ: ಇವತ್ತು ಎಷ್ಟು, ಪಕ್ವವಾದಾಗ ಎಷ್ಟು. ‘ಹುಡುಗ ಚಲೋ ಅದಾನ’ ಎಂಬ ಒಂದೇ ಮಾತಿನಲ್ಲಿ ನಾವು ಬೆರೆಸಿಬಿಡುವ ಎರಡು ಸಂಗತಿಗಳನ್ನು ಅವರು ಬೇರೆ ಬೇರೆ ಕಾಲಮ್ಮಿನಲ್ಲಿ ಬರೆದಿಡುತ್ತಾರೆ.

ಮೈಬಲವೊಂದೇ ಸಾಲದು ಎಂಬುದಕ್ಕೆ ಆ ಆಟ ಕೊಟ್ಟ ಸಾಕ್ಷಿ ಬಾಸ್ಕೆಟ್‌ಬಾಲ್ ದಿಗ್ಗಜ ಮೈಕೆಲ್ ಜೋರ್ಡನ್. 1994ರಲ್ಲಿ ಬರ್ಮಿಂಗ್‌ಹ್ಯಾಮ್ ಬ್ಯಾರನ್ಸ್ ಎಂಬ ಡಬಲ್-ಎ ತಂಡದಲ್ಲಿ ಆಡಿದ ಅವರ ಸರಾಸರಿ .202, 114 ಸಲ ಸ್ಟ್ರೈಕ್‌ಔಟ್. ಹೊರಳಿ ಬರುವ ಚೆಂಡು ಅವರಿಗೆ ಅರ್ಥವಾಗಲೇ ಇಲ್ಲ. ಇನ್ನೊಂದು ಸಾಕ್ಷಿ ಭಾರತದ್ದೇ. 2008ರಲ್ಲಿ ನಡೆದ ‘ಮಿಲಿಯನ್ ಡಾಲರ್ ಆರ್ಮ್’ ಸ್ಪರ್ಧೆಯಲ್ಲಿ ಸಾವಿರಾರು ಹುಡುಗರ ನಡುವೆ ಉತ್ತರ ಪ್ರದೇಶದ ಜಾವೆಲಿನ್ ಎಸೆತಗಾರ ರಿಂಕು ಸಿಂಗ್ (ಐಪಿಎಲ್‌ನ ರಿಂಕು ಅಲ್ಲ, ಇವರು ಬೇರೆ) ಗೆದ್ದು, ದಿನೇಶ್ ಪಟೇಲ್ ಜತೆಗೆ ಪಿಟ್ಸ್‌ಬರ್ಗ್ ಪೈರೇಟ್ಸ್ ಸಂಸ್ಥೆ ಸೇರಿದರು. ವೇಗವನ್ನು ಯಂತ್ರ ಒಂದೇ ದಿನದಲ್ಲಿ ಅಳೆಯಿತು. ಆಟ ಕಲಿಯಲು ವರ್ಷಗಳು ಹಿಡಿದವು. ಇಬ್ಬರೂ ಮೈನರ್ ಲೀಗ್‌ನ ಕೆಳ ಹಂತಗಳನ್ನು ದಾಟಲಿಲ್ಲ. ರಿಂಕು ಮುಂದೆ ವೃತ್ತಿಪರ ಕುಸ್ತಿಗೆ ಹೋಗಿ ವೀರ್ ಮಹಾನ್ ಎಂಬ ಹೆಸರಿನಲ್ಲಿ ಕಣಕ್ಕಿಳಿದರು.

ಟ್ರಿಪಲ್-ಎಯಲ್ಲಿ ರಾಜನಾಗಿ ಮೇಜರ್ ಲೀಗ್‌ನಲ್ಲಿ ನೆಲೆ ಕಾಣದವನಿಗೆ ಅಮೆರಿಕನ್ನರು ‘ಫೋರ್-ಎ’ ಆಟಗಾರ ಎನ್ನುತ್ತಾರೆ, ಎರಡು ಹಂತಗಳ ನಡುವೆ ಇಲ್ಲದೊಂದು ಹಂತ ಕಲ್ಪಿಸಿ. ದಾವಣಗೆರೆಯ ಆರ್. ವಿನಯ್ ಕುಮಾರ್ ಅವರನ್ನು ಹಾಗೆ ಕರೆದರೆ ಅನ್ಯಾಯ. ಭಾರತಕ್ಕೆ 31 ಏಕದಿನ ಪಂದ್ಯ ಆಡಿದವರು. ಪ್ರಥಮ ದರ್ಜೆಯಲ್ಲಿ 500ಕ್ಕೂ ಹೆಚ್ಚು ವಿಕೆಟ್ ಕಿತ್ತರು, ನಾಯಕರಾಗಿ 2013–14, 2014–15ರಲ್ಲಿ ಸತತ ಎರಡು ರಣಜಿ ಟ್ರೋಫಿ ತಂದರು. ಆದರೆ ಟೆಸ್ಟ್ ಒಂದೇ, 2012ರ ಜನವರಿಯಲ್ಲಿ ಪರ್ತ್‌ನಲ್ಲಿ. 13 ಓವರ್, 73 ರನ್, 1 ವಿಕೆಟ್. ನಮ್ಮ ಪಿಚ್ಚುಗಳಲ್ಲಿ ಹೊಲಿಗೆಯ ಮೇಲೆ ಬಿದ್ದು ಸರಿಯುತ್ತಿದ್ದ ಅವರ ಚೆಂಡು ಪರ್ತ್‌ನ ಪುಟಿತದಲ್ಲಿ ಡೇವಿಡ್ ವಾರ್ನರ್ ಬ್ಯಾಟಿಗೆ ಹೇಳಿ ಮಾಡಿಸಿದಂತೆ ಬಂತು. ಬೌಲರ್ ಬದಲಾಗಿರಲಿಲ್ಲ, ನೆಲ ಬದಲಾಗಿತ್ತು. ಆ ಒಂದು ಪಂದ್ಯದಿಂದ ಒಬ್ಬನ ಟೆಸ್ಟ್ ಬದುಕನ್ನೇ ತೀರ್ಮಾನಿಸಿದ್ದು ಸರಿಯೇ ಎಂಬ ವಾದ ಬೇರೆ. ಪರ್ತ್‌ಗೆ ಅವರನ್ನೇ ಆರಿಸಿದ್ದು ಸರಿಯೇ ಎಂದೂ ಕೇಳಬಹುದಲ್ಲ?

ಆಯ್ಕೆ ಪಕ್ಕಾ ಆದದ್ದೂ ಉಂಟು. ವಿಜಯಪುರದ ರಾಜೇಶ್ವರಿ ಗಾಯಕವಾಡ್ 2017ರ ಮಹಿಳಾ ವಿಶ್ವಕಪ್‌ನ ಮೊದಲ ಪಂದ್ಯಗಳಲ್ಲಿ ಬೆಂಚಿನ ಮೇಲಿದ್ದರು. ಗೆಲ್ಲಲೇಬೇಕಿದ್ದ ಪಂದ್ಯದಲ್ಲಿ, ಡರ್ಬಿಯಲ್ಲಿ ನ್ಯೂಜಿಲೆಂಡ್ ಎದುರು, ಕೈಗೆ ಚೆಂಡು ಬಂತು: 15 ರನ್ನಿಗೆ 5 ವಿಕೆಟ್. ಭಾರತ ಸೆಮಿಫೈನಲ್‌ಗೆ.

ರಾಯಚೂರಿನವರೇ ಆದ ಮನೋಜ್ ಭಾಂಡಗೆ ಅವರದು ಕಾಯುವಿಕೆಯ ಕಥೆ. ಎಡಗೈ ಹೊಡೆತಗಾರ, ಮಧ್ಯಮ ವೇಗಿ. 2023ರ ಐಪಿಎಲ್‌ಗೆ ಆರ್‌ಸಿಬಿ ಅವರನ್ನು 20 ಲಕ್ಷಕ್ಕೆ ಕೊಂಡಿತು. ಆಡುವ ಅವಕಾಶ ಬರಲಿಲ್ಲ. ರಾಜ್ಯದ ಟಿ20 ಟೂರ್ನಿಯಾದ ಮಹಾರಾಜ ಟ್ರೋಫಿಯ 2024ರ ಫೈನಲ್‌ನಲ್ಲಿ ಮೈಸೂರು ವಾರಿಯರ್ಸ್ ಪರ 13 ಎಸೆತಕ್ಕೆ 44 ಹೊಡೆದರು. ಐಪಿಎಲ್‌ನಲ್ಲಿ ಮೊದಲ ಬಾರಿ ಬ್ಯಾಟು ಹಿಡಿದದ್ದು 2025ರ ಏಪ್ರಿಲ್‌ನಲ್ಲಿ, ಮಳೆಯಿಂದ 14 ಓವರಿಗೆ ಇಳಿದ ಚಿನ್ನಸ್ವಾಮಿಯ ಪಂದ್ಯದಲ್ಲಿ, ಇಂಪ್ಯಾಕ್ಟ್ ಆಟಗಾರನಾಗಿ. ಅದೂ ವಿಕೆಟ್‌ಗಳು ಉದುರುತ್ತಿದ್ದ ಹೊತ್ತಿನಲ್ಲಿ. ಒಂದು ರನ್ನಿಗೆ ಔಟ್. ಇಂಥ ಒಂದು ಸಂಜೆಯಿಂದ ಯಾರಾದರೂ ಸಿದ್ಧರೋ ಅಲ್ಲವೋ ಹೇಳುವುದು ಜ್ಯೋತಿಷ್ಯವೇ ಹೊರತು ಅಳತೆಯಲ್ಲ.

ಕರುಣ್ ನಾಯರ್ ಈ ಲೆಕ್ಕವನ್ನೆಲ್ಲ ಇನ್ನಷ್ಟು ಗೋಜಲು ಮಾಡುತ್ತಾರೆ. 2016ರ ಚೆನ್ನೈ ಟೆಸ್ಟ್‌ನಲ್ಲಿ ಅಜೇಯ 303 ಹೊಡೆದರೂ ಕೆಲವೇ ಪಂದ್ಯಗಳಲ್ಲಿ ತಂಡದಿಂದ ಹೊರಬಿದ್ದರು. ಮುಂದೆ ಕರ್ನಾಟಕ ತಂಡವೂ ಕೈಬಿಟ್ಟಿತು. ವಿದರ್ಭಕ್ಕೆ ಹೋಗಿ 2024–25ರ ವಿಜಯ್ ಹಜಾರೆಯಲ್ಲಿ 779 ರನ್, ರಣಜಿಯಲ್ಲಿ 863. ಇಷ್ಟು ರನ್ ಇದ್ದವರನ್ನು ಯಾವ ಆಯ್ಕೆಗಾರ ತಡೆದಾನು? 2025ರ ಇಂಗ್ಲೆಂಡ್ ಪ್ರವಾಸದ ಎಂಟು ಇನಿಂಗ್ಸ್‌ಗಳಲ್ಲಿ ಬಂದದ್ದು 205 ರನ್, ಒಂದೇ ಅರ್ಧಶತಕ. ಮತ್ತೆ ಹೊರಗೆ. ಆ ಅಕ್ಟೋಬರಿನಲ್ಲಿ ಕರ್ನಾಟಕಕ್ಕೆ ಮರಳಿದವರೇ ಶಿವಮೊಗ್ಗದಲ್ಲಿ ಗೋವಾ ವಿರುದ್ಧ ಅಜೇಯ 174 ಹೊಡೆದರು. ರಣಜಿ ದರ್ಜೆಯ ಚೆಂಡಿಗೆ ಅವರ ಬಳಿ ಉತ್ತರ ಸದಾ ಇತ್ತು. ಅದಕ್ಕಿಂತ ಹತ್ತು ಕಿ.ಮೀ. ವೇಗ ಹೆಚ್ಚಿದ್ದು, ಎದೆಯೆತ್ತರಕ್ಕೆ ಏಳುವ ಚೆಂಡನ್ನು ರಣಜಿಯಲ್ಲಿ ಹಾಕುವವರೇ ಕಡಿಮೆ. ಕಾಣದ ಪರೀಕ್ಷೆಗೆ ಅಂಕ ಕೊಡುವುದು ಹೇಗೆ?

ಕೊಪ್ಪಳ ಜಿಲ್ಲೆಯ ಮಟ್ಟದಲ್ಲಿ ಕೊರತೆ ಇರುವುದೂ ಇದೇ, ಅಳತೆಯಷ್ಟೇ ಸಣ್ಣದು. ಹುಡುಗನಿಗೆ ತನಗಿಂತ ಒಂದು ಹಂತ ಮೇಲಿನ ಬೌಲರ್ ಸಿಗಬೇಕು, ಅದೂ ವಾರವಾರ ಸಿಗಬೇಕು. 2025ರ ಮೇ ತಿಂಗಳಲ್ಲಿ ಹುಬ್ಬಳ್ಳಿ–ಕುಷ್ಟಗಿ ರೈಲು ಓಡಲು ಶುರುವಾಗಿದೆ, ಯಲಬುರ್ಗಾದ ಮೇಲೆಯೇ ಹಾದು ಹೋಗುತ್ತದೆ. ಹುಬ್ಬಳ್ಳಿಯ ರಾಜನಗರದಲ್ಲಿ ಕೆಎಸ್‌ಸಿಎ ಮೈದಾನವಿದೆ, ಟರ್ಫ್ ಇದೆ, ಕೆಲವು ವರ್ಷ ರಣಜಿ ಪಂದ್ಯವೂ ನಡೆಯುತ್ತದೆ. ರಣಜಿಗೆ ಸಾಮಾನ್ಯವಾಗಿ ಟಿಕೆಟ್ ಇರುವುದಿಲ್ಲ. ಸಿಕ್ಸರ್ ಎತ್ತುವ ಕುಷ್ಟಗಿಯ ಹುಡುಗ ಮೂರನೇ ದಿನ ಹೋಗಿ ಸೈಟ್‌ಸ್ಕ್ರೀನ್ ಪಕ್ಕ ಕುಳಿತರೆ, ಹೊಸ ಚೆಂಡಿಗೆ ಆರಂಭಿಕ ಬ್ಯಾಟರ್ ಎಷ್ಟು ಎಸೆತ ಬಿಡುತ್ತಾನೆಂದು ಎಣಿಸಬಹುದು.